ಕರಿಹಲಗೆಯಿಂದ ದೋಣಿಹಲಗೆಗೆ

ಟೀಚರಮ್ಮ ಸ್ವಾಗತ ಭಾಷಣದ ಎರಡನೇ ಹಾಳೆ ತಿರುವಿದಾಗಲೂ ದೋಣಿಯಿಂದ ಇಳಿದ ಮನುಷ್ಯ ತುಟಿ ಬಿಚ್ಚಿರಲಿಲ್ಲ. ಅವನ ಒಂದು ಕಾಲು ದೋಣಿ ಕಟ್ಟುವ ದಕ್ಕೆಯ ಮೇಲಿತ್ತು, ಇನ್ನೊಂದು ಹತ್ತಿಳಿಯುವ ಹಲಗೆಯ ಮೇಲೆ. ಹೆಗಲಲ್ಲಿ ಭಾರದ ಕ್ಯಾನ್ವಾಸ್ ಚೀಲ, ಕಂಕುಳಲ್ಲಿ ಮೂರಡಿ ಪೈಪು. ಎದುರಿಗೆ ಇಪ್ಪತ್ತಮೂರು ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತು, ಹೇಳಿಕೊಟ್ಟ ಹಾಗೆ ಒಂದೇ ಉಸಿರಿಗೆ ‘ಸುಸ್ವಾಗತ’ ಕೂಗಿ ಮುಗಿಸಿದ್ದರು.

“ಪಠ್ಯಪುಸ್ತಕ ಕ್ಷೇತ್ರಕ್ಕೆ ತಾವು ಸಲ್ಲಿಸಿರುವ ಸೇವೆಯನ್ನು ಕಂಡು,” ಟೀಚರಮ್ಮ ಓದುತ್ತಿದ್ದರು, “ನಮ್ಮೆಲ್ಲರ ಹೃದಯ ತುಂಬಿ...”

“ಟೀಚರ್, ಇವರು ಪಂಪು ರಿಪೇರಿ,” ಎಂದಿತು ಸಾಲಿನ ಗಿಡ್ಡ ತುದಿಯಿಂದ ಒಂದು ದನಿ.

ಸಾಲು ಕುಲುಕಾಡಿತು. ಟೀಚರಮ್ಮ ಕನ್ನಡಕವನ್ನು ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. ಅದರ ಒಂದು ಕಡ್ಡಿ ಮುರಿದು ಆ ಜಾಗದಲ್ಲಿ ದಾರ ಬಂದಿತ್ತು. ಎರಡು ರೀತಿಯಲ್ಲಿ ನೋಡಿದರೂ ಪೈಪು ಪೈಪೇ ಆಗಿ ಉಳಿದದ್ದರಿಂದ ಅವರ ಮುಖ ಕೆಂಪಗಾಯಿತು.

“ಇರಲಿ ಬಿಡಿ ತಾಯಿ, ಮುಗಿಸಿಬಿಡಿ,” ಎಂದ ಪಂಪಿನವನು. “ಇಪ್ಪತ್ತು ವರ್ಷದಿಂದ ಮನೆಮನೆ ಅಲೀತಿದೀನಿ. ‘ಇಷ್ಟು ಹೊತ್ತಿಗಾ ಬರೋದು’ ಅಂತ ಬೈಸಿಕೊಂಡೇ ಒಳಗೆ ಕಾಲಿಟ್ಟಿದೀನಿ. ಹೃದಯ ತುಂಬಿ ಏನಾಯ್ತು, ಅದಾದ್ರೂ ಹೇಳಿ.”

“ಹಾಗಾದ್ರೆ ಸಮಿತಿಯವರು ಎಲ್ಲಿ?”

ದೋಣಿಯವನು ಹೆಬ್ಬೆರಳನ್ನು ಹಿಂದಕ್ಕೆ ಮಾಡಿ ತೋರಿಸಿದ. “ಅಗೋ, ಆ ಕಡೆ. ಮೀನಿಗೆ ಊಟ ಹಾಕ್ತಿದಾರೆ.”

ಆ ಸಮಿತಿಯವಳು ನಾನು. ದೋಣಿಯ ಇನ್ನೊಂದು ಅಂಚಿನಲ್ಲಿ ಬಗ್ಗಿ, ಬೆಳಗಿನ ತಿಂಡಿಯನ್ನು ಕಂತುಕಂತಾಗಿ ಸಮುದ್ರಕ್ಕೆ ವಾಪಸು ಮಾಡುತ್ತಿದ್ದೆ. ಪಠ್ಯಕ್ಕೂ ಪಥ್ಯಕ್ಕೂ ಒಂದೇ ಅಕ್ಷರದ ಅಂತರ, ರುಚಿಯಲ್ಲಿ ಅದೂ ಇಲ್ಲ ಎಂದು ಹಿಂದೊಮ್ಮೆ ಎಲ್ಲೋ ಬರೆದಿದ್ದೆ. ಆ ತಪ್ಪಿಗೆ ಶಿಕ್ಷೆಯಾಗಿ, ಒಂದನೇ ಕ್ಲಾಸಿನ ಹೊಸ ಪುಸ್ತಕಕ್ಕೆ ಸ್ವಲ್ಪ ನಗು ಬೆರೆಸಿಕೊಡಿ ಎಂದು ಸಮಿತಿಯವರು ನನ್ನನ್ನು ಸೇರಿಸಿಕೊಂಡರು. ಪುಸ್ತಕದ ಕರಡನ್ನು ಒಬ್ಬರೇ ಟೀಚರಿರುವ ಯಾವುದಾದರೂ ಶಾಲೆಯಲ್ಲಿ ಒಂದು ವಾರ ಪರೀಕ್ಷಿಸಿ ಬರಬೇಕು ಎಂದಾಗ ಈ ದ್ವೀಪದ ಹೆಸರು ಬಂತು. ಈಜು ಬರುವುದಿಲ್ಲ ಎಂದು ಉಳಿದ ಎಲ್ಲ ಸದಸ್ಯರೂ ಹೇಳಿದರಂತೆ. ನನಗೂ ಬರುವುದಿಲ್ಲ. ಆದರೆ ಆ ಸಭೆಗೇ ನಾನು ಹೋಗಿರಲಿಲ್ಲ.

ದ್ವೀಪಕ್ಕೆ ದೋಣಿ ಇರುವುದು ಸೋಮವಾರ ಮತ್ತು ಶನಿವಾರ ಮಾತ್ರ. ಸೋಮವಾರ ಬಂದವಳು ಶನಿವಾರದವರೆಗೆ ಟೀಚರಮ್ಮನ ಪಾಲು. ಅವರ ಮನೆ ಎಂದರೆ ಶಾಲೆಗೇ ಅಂಟಿಕೊಂಡ ಎರಡು ಕೋಣೆ. ಒಂದರಲ್ಲಿ ಅವರು, ಇನ್ನೊಂದರಲ್ಲಿ ನಾನು ಮತ್ತು ಹಳೆಯ ಭೂಪಟಗಳು.

ಶಾಲೆ ಎಂದರೆ ಒಂದೇ ಕೊಠಡಿ. ನಾಲ್ಕೂ ಗೋಡೆಗೆ ಹೆಗಲಿನ ಎತ್ತರದವರೆಗೆ ಕಪ್ಪು ಬಳಿದು, ಇಡೀ ಕೊಠಡಿಯನ್ನೇ ಕರಿಹಲಗೆ ಮಾಡಿಟ್ಟಿದ್ದರು. ಏಳು ಕ್ಲಾಸು, ನಾಲ್ಕು ಗೋಡೆ. ಮೂಲೆಗಳನ್ನೂ ಲೆಕ್ಕಕ್ಕೆ ಹಿಡಿದರೆ ಸರಿಹೋಗುತ್ತದೆ ಎಂದರು ಟೀಚರಮ್ಮ. ಸಮುದ್ರದ ಗಾಳಿಗೆ ಸೀಮೆಸುಣ್ಣ ಮೆತ್ತಗಾಗಿಬಿಡುತ್ತದೆ. ಅದಕ್ಕೇ ಅವರು ಸಂಜೆ ಒಲೆಯ ಪಕ್ಕದಲ್ಲಿ ಅದನ್ನು ಒಣಗಿಸಿ, ಅಕ್ಕಿ ತುಂಬಿದ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಊಟದ ಅನ್ನದಲ್ಲಿ ಒಮ್ಮೊಮ್ಮೆ ವಿದ್ಯೆಯ ರುಚಿ ಬರುತ್ತಿತ್ತು.

ಗಾಳಿಯದ್ದೇ ಇನ್ನೊಂದು ಉಪದ್ರವ. ಹಾಳೆ ಹಾರಬಾರದೆಂದು ಪ್ರತಿ ಮಗುವಿಗೂ ಒಂದೊಂದು ಕಲ್ಲು, ಅಂಗೈಯಲ್ಲಿ ಹಿಡಿಸುವಷ್ಟು. ಶಾಲೆ ಬಿಡುವಾಗ ಎಲ್ಲ ಕಲ್ಲೂ ಬಾಗಿಲ ಬಳಿಯ ಬುಟ್ಟಿಗೆ. ಬೆಳಿಗ್ಗೆ ಬಂದವರು ತಮ್ಮ ತಮ್ಮ ಕಲ್ಲು ಎತ್ತಿಕೊಳ್ಳುತ್ತಾರೆ. ಬುಟ್ಟಿಯಲ್ಲಿ ಉಳಿದ ಕಲ್ಲು ಯಾರದೋ ಅವರು ಗೈರು. ಟೀಚರಮ್ಮ ಹಾಜರಿ ಕೂಗಿದ್ದನ್ನು ನಾನು ಕೇಳಲೇ ಇಲ್ಲ. ಬುಟ್ಟಿಯೊಳಗೆ ಕೈಯಾಡಿಸುತ್ತಿದ್ದರು, ಮುಗಿಯಿತು.

“ಇದು ನಾಕನೇ ಕ್ಲಾಸಿನ ಮೂಗುಬೊಟ್ಟಿಂದು. ನೆಗಡಿ ಆಗಿರಬೇಕು,” ಎಂದು ಕಲ್ಲು ಸವರಿ ಹೇಳುತ್ತಿದ್ದರು. ಮಧ್ಯಾಹ್ನ ವಿಚಾರಿಸಿದರೆ ನೆಗಡಿಯೇ.

ಆದರೆ ನನ್ನ ಬಾಯಿ ತೆರೆಸಿದ್ದು ಗೋಡೆಯೂ ಅಲ್ಲ, ಕಲ್ಲೂ ಅಲ್ಲ. ಒಂದನೇ ಕ್ಲಾಸಿನ ಬೆಂಚು. ಅಲ್ಲಿ ಮೂರು ಮಕ್ಕಳು, ಒಬ್ಬೊಬ್ಬರ ಪಕ್ಕದಲ್ಲೂ ಏಳನೇ ಕ್ಲಾಸಿನ ಒಬ್ಬೊಬ್ಬರು. ಆರು ವರ್ಷದವರಿಗೆ ಅಕ್ಷರ ಕಲಿಸುತ್ತಿದ್ದವರು ಹನ್ನೆರಡು ವರ್ಷದವರು. ಟೀಚರಮ್ಮ ಆ ಬೆಂಚಿನತ್ತ ಸುಳಿಯುತ್ತಲೂ ಇರಲಿಲ್ಲ. ಎರಡರಿಂದ ಏಳರವರೆಗಿನ ಕ್ಲಾಸುಗಳ ನಡುವೆ ಬುಗುರಿಯ ಹಾಗೆ ಸುತ್ತುವರು, ಆ ಬೆಂಚು ಬಂತೆಂದರೆ ನಾಲ್ಕು ಹೆಜ್ಜೆ ದೂರದಿಂದಲೇ ತಿರುಗಿಬಿಡುವರು. ಎಂಥ ಸಂಯಮ ಎಂದುಕೊಂಡೆ. ಮಾಲಿ ಸಸಿಯನ್ನು ದಿನಾ ಕಿತ್ತು ಬೇರು ನೋಡುವುದಿಲ್ಲವಲ್ಲ!

ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಅಕ್ಕರ ಕಲಿಸಿದವರೆಲ್ಲ ಸಿಸ್ಟರುಗಳೇ. ಅಕ್ಕನೂ ಇದ್ದಳು, ಅಕ್ಕರವೂ ಇತ್ತು, ನಡುವೆ ಅಕ್ಕರೆ ಮಾತ್ರ ಬೆರಳ ಗಂಟಿನ ಮೇಲೆ ಬೀಳುವ ಸ್ಕೇಲಿನ ರೂಪದಲ್ಲಿ ಬರುತ್ತಿತ್ತು. ಇಲ್ಲಿ ಮೂರೂ ಒಂದೇ ಬೆಂಚಿನ ಮೇಲೆ ಕೂತಿದ್ದವು.

“ಕಲಿಸದಿದ್ರೆ?” ಎಂದು ಕೇಳಿದೆ.

“ಹಲಗೆ ಹಾಕಲ್ಲ,” ಎಂದರು ಟೀಚರಮ್ಮ.

ಪದ್ಧತಿ ಹೀಗೆ. ಏಳನೇ ಕ್ಲಾಸು ಮುಗಿದವರು ಆಚೆ ದಡದ ಹೈಸ್ಕೂಲಿಗೆ ಹೋಗಬೇಕು, ಅಲ್ಲಿನ ಹಾಸ್ಟೆಲಿನಲ್ಲಿರಬೇಕು. ಸೀಟು ಬೇಕಾದರೆ ವರ್ಷಕ್ಕೊಮ್ಮೆ ಗೊತ್ತಾದ ಶನಿವಾರ, ಮಧ್ಯಾಹ್ನದೊಳಗೆ ಖುದ್ದಾಗಿ ಹೋಗಿ ಸಹಿ ಹಾಕಬೇಕು. ತಪ್ಪಿದರೆ ಮುಂದಿನ ವರ್ಷವೇ. ಆ ಶನಿವಾರ ಬೆಳಿಗ್ಗೆ ಊರೆಲ್ಲ ದಕ್ಕೆಗೆ ಬರುತ್ತದೆ. ದಕ್ಕೆಗೂ ದೋಣಿಗೂ ನಡುವೆ ಹಾಕುವ ಹಲಗೆಯನ್ನು ದೋಣಿಯವನು ಕೈಯಲ್ಲೇ ಹಿಡಿದು ನಿಲ್ಲುತ್ತಾನೆ. ಒಂದನೇ ಕ್ಲಾಸಿನ ಮಗು, ಹಿಂದೆಂದೂ ನೋಡಿರದ ಏನನ್ನಾದರೂ ಎಲ್ಲರಿಗೂ ಕೇಳುವಂತೆ ಓದಬೇಕು. ಓದಿತೋ, ಅದಕ್ಕೆ ಕಲಿಸಿದವರಿಗೆ ಹಲಗೆ ಬೀಳುತ್ತದೆ. ಹೋಗುವವರು ತಮ್ಮ ಕಲ್ಲನ್ನು ಆ ಮಗುವಿನ ಕೈಗಿಟ್ಟು ದಾಟುತ್ತಾರೆ. ಓದಲಿಲ್ಲವೋ, ದೋಣಿ ಅವರನ್ನು ಬಿಟ್ಟು ಹೋಗುತ್ತದೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಈ ಊರಿನಲ್ಲಿ ದಾಟುವುದಕ್ಕೆ ಮೊದಲೇ ಋಣ ತೀರಿಸಿಯಾಗಬೇಕು. ಮೂವತ್ತೊಂದು ವರ್ಷ ಹೀಗೇ ನಡೆದು ಬಂದು, ದ್ವೀಪದಲ್ಲಿ ಓದಲು ಬಾರದವರೆಂದರೆ ಆರು ವರ್ಷದೊಳಗಿನವರು ಮತ್ತು ಕೋಳಿಗಳು ಮಾತ್ರ.

ಈ ಸಲದ ಆ ಶನಿವಾರ ನಾನು ವಾಪಸು ಹೊರಡುವ ಶನಿವಾರವೇ ಆಗಿತ್ತು. ಹೋಗಬೇಕಾದವರು ಮೂವರು. ಇಬ್ಬರ ಶಿಷ್ಯರು ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿಹಾಕುತ್ತಿದ್ದರು. ಮೂರನೆಯವಳು ದೋಣಿಯವನ ಮಗಳು. ಸೊಂಟದವರೆಗೆ ಜಡೆ, ಅದಕ್ಕೇ ಎಲ್ಲರಿಗೂ ಜಡೆಯಕ್ಕ. ಅವಳ ಶಿಷ್ಯೆ ಗುಬ್ಬಿ. ದಕ್ಕೆಯ ಮೇಲೆ “ಪಂಪು ರಿಪೇರಿ” ಎಂದು ಕೂಗಿದವಳು ಅವಳೇ. ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ಆದರೆ ಪುಸ್ತಕ ಬಿಚ್ಚಿದರೆ ಮಾತ್ರ ತುಟಿಗೆ ಹೊಲಿಗೆ.

ನನ್ನ ಪುಸ್ತಕದ ಕರಡನ್ನು ಅವಳ ಮುಂದಿಟ್ಟೆ. ‘ಬ’ ಅಕ್ಷರದ ಮೇಲೆ ಬಸ್ಸಿನ ಚಿತ್ರ.

“ಇದು ಏನು ಪುಟ್ಟಾ?”

“ದೋಣಿ.”

“ಅಲ್ಲ, ಬಸ್ಸು.”

“ತೇಲುತ್ತಾ?”

“ತೇಲಲ್ಲ.”

“ಮತ್ತೆ ಇದರಲ್ಲಿ ಕೂತವರು ಮುಳುಗಿ ಹೋಗಲ್ವಾ?”

“ಗುಬ್ಬೀ, ಕೆಳಗೆ ಬರೆದಿರೋದು ಓದೇ,” ಎಂದಳು ಜಡೆಯಕ್ಕ, ಮೆಲ್ಲಗೆ.

ಗುಬ್ಬಿ ಕಿಟಕಿಯ ಹೊರಗೆ ನೋಡಿದಳು. ಜಡೆಯಕ್ಕ ರೇಗಲಿಲ್ಲ. ತನ್ನ ಜಡೆಯ ತುದಿಯನ್ನು ಬಳಪದ ಹಾಗೆ ಹಿಡಿದು ಬೆಂಚಿನ ಮೇಲೆ ‘ಬ’ ತಿದ್ದಿ ತೋರಿಸಿದಳು. ಗುಬ್ಬಿ ಆ ಜಡೆಯನ್ನು ಕಿತ್ತುಕೊಂಡು ಮೂಗಿನ ಕೆಳಗೆ ಮೀಸೆ ಮಾಡಿಕೊಂಡಳು. ಅಕ್ಕ ನಕ್ಕಳು. ನಕ್ಕು, ಆ ಮೀಸೆಯ ಹಿಂದಿನ ಮುಖವನ್ನು ಬಹಳ ಹೊತ್ತು ನೋಡಿದಳು.

ಬುಧವಾರ ದಕ್ಕೆಗೆ ಹೋದಾಗ ದೋಣಿಯವನು ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ಸುಮಾರು ಮೂವತ್ತೇಳರ ಗಟ್ಟಿ ಆಳು. ಮೂಗಿಗೆ ಗ್ರೀಸು ಹಚ್ಚಿಕೊಳ್ಳದೆ ಯಾವ ಕೆಲಸವೂ ಅವನಿಂದ ಆಗುವುದಿಲ್ಲ ಎಂದು ಕಾಣುತ್ತದೆ. ಇಷ್ಟು ವರ್ಷಗಳಲ್ಲಿ ಹಲಗೆ ಬೀಳದೆ ಉಳಿದುಹೋದವನು ಒಬ್ಬನೇ ಎಂದೂ ಅದು ಇವನೇ ಎಂದೂ ಆ ಹೊತ್ತಿಗೆ ನಾನು ಕೇಳಿ ತಿಳಿದಿದ್ದೆ.

“ನಿಜವಾ?” ಎಂದೆ.

“ದಾಖಲೆ ಮೇಡಂ, ಇನ್ನೂ ಯಾರೂ ಮುರಿದಿಲ್ಲ,” ಎಂದು ಹಲ್ಲು ಬಿಟ್ಟ. “ನನ್ನ ಪಾಲಿಗೆ ಬಂದಿದ್ದ ಚಿಳ್ಳೆ ದಡ್ಡ ಅಂತ ಎಲ್ಲರ ಹತ್ರ ಹೇಳಿಕೊಂಡು ತಿರುಗಿದೆ. ದಡ್ಡ ನಾನೇ. ಅವನಿಗೆ ಗಾಳ ಹಾಕೋದು ಕಲಿಸಿದೆ, ಓದು ನಾಳೆ ನಾಳೆ ಅಂತ ತಳ್ಳಿದೆ. ಹಲಗೆ ಮುಂದೆ ನಿಂತು ‘ಅ’ ಅಂದ ನೋಡಿ, ತೆರೆದ ಬಾಯಿ ತೆರೆದೇ ಇತ್ತು, ಮುಂದಿನ ಅಕ್ಷರ ಬರಲೇ ಇಲ್ಲ.”

“ಈಗೆಲ್ಲಿದಾನೆ?”

“ಇಲ್ಲೇ, ನಮ್ಮ ಪೋಸ್ಟ್ ಮಾಸ್ಟರು. ಆಗ ಒಂದಕ್ಷರ ಓದದೋನು ಈಗ ಊರೋರ ಕಾಗದ ಎಲ್ಲಾ ಓದ್ತಾನೆ. ಹಂಚೋಕೆ ಮುಂಚೆ.”

ನಾನು ನಕ್ಕೆ. ಅವನು ನಗದೆ ಸ್ಪ್ಯಾನರು ಒರೆಸಿದ.

“ಅವತ್ತು ದೋಣಿ ಹೋದ ಮೇಲೆ ಟೀಚರಮ್ಮ ಇಲ್ಲೇ, ಈ ಕಲ್ಲಿನ ಮೇಲೆ, ನನ್ನ ಪಕ್ಕ ಸಂಜೆವರೆಗೆ ಕೂತಿದ್ರು. ಎದ್ದು ಹೋಗುವಾಗ ‘ಬರೋ ವರ್ಷ ಹೋಗುವಿಯಂತೆ ಕಣೋ’ ಅಂದ್ರು. ಅಷ್ಟರಲ್ಲಿ ಅಪ್ಪ ದೋಣಿ ಕೆಲಸಕ್ಕೆ ಹತ್ತಿಸಿದ. ಒಂದು ವರ್ಷಕ್ಕೆ ಅಂತ ಹತ್ತಿದ್ದು. ಇಪ್ಪತ್ತೈದಾಯ್ತು.”

“ಸಿಟ್ಟು ಬರಲ್ವಾ?”

“ಬರ್ತಿತ್ತು. ಆಮೇಲೆ ಒಬ್ಬೊಬ್ಬರನ್ನೇ ದಾಟಿಸ್ತಾ ಹೋದೆ. ಡಾಕ್ಟರಾದವರಿದಾರೆ, ಹಡಗಿಗೆ ಹೋದವರಿದಾರೆ. ಎಲ್ಲಾ ನನ್ನ ಕೈಮೇಲೇ ದಾಟಿರೋದು. ದಡ ಮುಟ್ಟಿಸೋನು ದಡದಲ್ಲೇ ಇರಬೇಕಲ್ಲ.”

“ಈಗ ಮಗಳ ಸರದಿ. ಆ ಗುಬ್ಬಿ ಓದೋ ಹಾಗೆ ಕಾಣಲ್ಲ. ಟೀಚರಮ್ಮನಿಗೆ ಒಂದು ಮಾತು ಹೇಳಬಾರದಾ?”

ಅವನು ತಲೆಯೆತ್ತಿದ. “ಹೇಳಲ್ಲ. ನನ್ನೊಬ್ಬನಿಗೇ ಬಿದ್ದ ಕಟ್ಟಳೆ ನನ್ನ ಮಗಳೊಬ್ಬಳಿಗೇ ಮಾಫಿ ಆದ್ರೆ, ನಾನು ಇಪ್ಪತ್ತೈದು ವರ್ಷ ಈ ಚುಕ್ಕಾಣಿ ಹಿಡಿದದ್ದು ಏತಕ್ಕೆ ಮೇಡಂ?”

ಹಲಗೆ ಅಲುಗದಂತೆ ಅದರ ಬದಿಗೆ ಒತ್ತಿಡುವ ಕಲ್ಲೊಂದು ಅವನ ಕಾಲಬಳಿ ಇತ್ತು. ಅಂಗೈಯಲ್ಲಿ ಹಿಡಿಸುವಷ್ಟು. ಯಾರದು ಎಂದು ನಾನು ಕೇಳಲಿಲ್ಲ.

ಗುರುವಾರ ಶಾಲೆಯ ಹಿಂದೆ ಪಂಪಿನವನು ಬಾವಿಕಟ್ಟೆಯ ಮೇಲೆ ಮೋಟಾರನ್ನು ಬಿಚ್ಚಿ ಹರಡಿಕೊಂಡಿದ್ದ. ದೋಣಿ ಶನಿವಾರವೇ ಇದ್ದದ್ದರಿಂದ ಅವನೂ ನನ್ನ ಹಾಗೆಯೇ ಸಿಕ್ಕಿಬಿದ್ದ ಅತಿಥಿ.

“ಪ್ರತಿವರ್ಷ ನೀವೇ ಬರೋದಾ?” ಎಂದು ಮಾತಿಗೆ ಕೇಳಿದೆ.

“ಎಲ್ಲಿಯ ಪ್ರತಿವರ್ಷ? ಈ ದ್ವೀಪ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಸೋಮವಾರವೇ ಮೊದಲು ಕಾಲಿಟ್ಟದ್ದು.”

ನಾನು ಎದ್ದು ಹೊರಟವಳು ಹಾಗೇ ನಿಂತೆ. ಈ ಮನುಷ್ಯನನ್ನು ಊರಲ್ಲಿ ಯಾರೂ ಮೊದಲು ಕಂಡಿರಲಿಲ್ಲ. ಹಾಗಾದರೆ ಅವನು ಹಲಗೆಯ ಮೇಲೆ ಇನ್ನೂ ಒಂದು ಕಾಲಿಟ್ಟಿರುವಾಗಲೇ ಅವನ ಕಸುಬು ಗುಬ್ಬಿಗೆ ಹೇಗೆ ತಿಳಿಯಿತು? ಬಾವಿಕಟ್ಟೆಯ ಮೇಲಿದ್ದ ಕ್ಯಾನ್ವಾಸ್ ಚೀಲವನ್ನು ತಿರುಗಿಸಿದೆ. ಆ ಬದಿಯಲ್ಲಿ ಮಾಸಿದ ನೀಲಿ ಬಣ್ಣದಲ್ಲಿ ಬರೆದಿತ್ತು: ಪಂಪು ರಿಪೇರಿ.

ಒತ್ತಕ್ಷರವಿಲ್ಲ ನಿಜ. ಆದರೂ ಒಂದನೇ ಕ್ಲಾಸಿಗೆ, ಬಿಸಿಲಲ್ಲಿ, ಹತ್ತಡಿ ದೂರದಿಂದ! ಎಲ್ಲರೂ ನಕ್ಕ ಗದ್ದಲದಲ್ಲಿ, ಅವಳು ಅದನ್ನು ಓದಿ ಹೇಳಿದ್ದೆಂದು ಯಾರಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನ ಗುಬ್ಬಿ ಮೆಟ್ಟಿಲ ಮೇಲೆ ಒಬ್ಬಳೇ ಸಿಕ್ಕಳು. ಪಕ್ಕದಲ್ಲಿ ಕೂತು ಸುಮ್ಮನೆ ಹೇಳಿದೆ: “ಪಂಪು ರಿಪೇರಿ.”

ಅವಳ ಕಣ್ಣುಗಳು ದೊಡ್ಡವಾದವು. ಆ ಕಡೆ ಈ ಕಡೆ ನೋಡಿ ನನ್ನ ಕಿವಿಗೆ ಬಾಯಿಟ್ಟಳು. “ಅದು ತಪ್ಪಾಗಿ ಬಂದುಬಿಡ್ತು ಆಂಟಿ. ಯಾರಿಗೂ ಹೇಳಬೇಡಿ.”

“ಎಲ್ಲಾ ಓದೋಕೆ ಬರುತ್ತಾ ನಿನಗೆ?”

“ಬರುತ್ತೆ. ಒಳಗೊಳಗೇ.”

“ಮತ್ತೆ ಜೋರಾಗಿ ಓದಲ್ಲ ಯಾಕೆ?”

ಪ್ರಪಂಚದ ಅತಿ ದಡ್ಡ ಪ್ರಶ್ನೆಯನ್ನು ಕೇಳಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು. “ಓದಿದ್ರೆ ಅಕ್ಕ ಹೋಗ್ತಾಳಲ್ಲ.”

ಒಂದು ಇಡೀ ವರ್ಷ ಮಕ್ಕಳ ಮನಸ್ಸಿನ ಬಗ್ಗೆ ಸಮಿತಿಯಲ್ಲಿ ಚರ್ಚೆ ಮಾಡಿದವಳು ನಾನು. ಇದೊಂದು ಯಾವ ಚರ್ಚೆಯಲ್ಲೂ ಬಂದಿರಲಿಲ್ಲ. ಹೇಳುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಕೊಟ್ಟ ಮಾತು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ. ಸಂಜೆ ಟೀಚರಮ್ಮ ಒಲೆಯ ಪಕ್ಕ ಸೀಮೆಸುಣ್ಣ ಹರಡುತ್ತಿದ್ದಾಗ ಎಲ್ಲಿಂದಲೋ ಬಳಸಿಕೊಂಡು ಬಂದೆ. “ಅಲ್ಲಾ, ಒಂದು ಮಾತಿಗೆ ಕೇಳ್ತೀನಿ. ಯಾವುದಾದ್ರೂ ಮಗು...”

“ಓದಲು ಬಾರದವರ ಕಥೆ ಸುಲಭ ಮೇಡಂ,” ಎಂದರು ಅವರು, ತಲೆಯೆತ್ತದೆ. “ಬಂದೂ ಓದದವರದ್ದೇ ಕಷ್ಟ.”

“ನಿಮಗೂ ಗೊತ್ತಾ?”

“ಕಣ್ಣು ಮಂಜು, ಪೈಪು ಹಿಡಿದವನಿಗೂ ಭಾಷಣ ಮಾಡ್ತೀನಿ. ಕಿವಿಗೇನು ಧಾಡಿ? ಅವತ್ತೇ ಗೊತ್ತಾಯ್ತು. ನಿಮ್ಮ ಹತ್ರ ಆಣೆ ಹಾಕಿಸಿಕೊಂಡಿರ್ತಾಳೆ, ಮುರೀಬೇಡಿ.”

“ಹಾಗಾದ್ರೆ ಆಯ್ತಲ್ಲ! ಓದೋಕೆ ಬರುತ್ತೆ ಅಂತ ನೀವೇ ಹೇಳಿ ಹಲಗೆ ಹಾಕಿಸಿಬಿಡಿ.”

ಟೀಚರಮ್ಮ ಒಂದು ಸೀಮೆಸುಣ್ಣ ಎತ್ತಿಕೊಂಡು ತಿರುವುತ್ತಾ ಕೂತರು. “ನನಗೆ ಗೊತ್ತಾದ್ರೆ ಸಾಲದು, ಊರಿಗೆ ಗೊತ್ತಾಗಬೇಕು. ಆಮೇಲೆ ಗುಬ್ಬಿ ನನ್ನ ಶಿಷ್ಯೆ ಅಲ್ಲ, ಜಡೆಯ ಶಿಷ್ಯೆ. ಅಕ್ಷರ ಕಲಿಸೋದು ಅರ್ಧ ಕೆಲಸ. ಓದಬೇಕು ಅನ್ನಿಸೋದು ಇನ್ನರ್ಧ. ಅರ್ಧ ಕೆಲಸಕ್ಕೆ ಹಲಗೆ ಹಾಕಿದ್ರೆ ನಡುನೀರಿಗೆ ಬೀಳ್ತಾರೆ.”

“ಅವಳಿಗೆ ಸುಳಿವಾದ್ರೂ ಕೊಡಬಹುದಲ್ಲ?”

“ಕೊಡಲ್ಲ. ಕಂಡುಕೊಳ್ಳಲಿ.” ಸೀಮೆಸುಣ್ಣ ಕೈಯಲ್ಲೇ ಲಟಕ್ಕನೆ ಎರಡಾಯಿತು. ಎರಡು ತುಂಡನ್ನೂ ಒಲೆಯ ಪಕ್ಕಕ್ಕಿಟ್ಟರು. “ಇನ್ನೊಬ್ಬರನ್ನ ಆ ದಕ್ಕೆ ಮೇಲೆ ಬಿಟ್ಟು ಬರೋ ಶಕ್ತಿ ನನಗಿಲ್ಲ ಮೇಡಂ. ಆದ್ರೂ ಕೊಡಲ್ಲ.”

ಶನಿವಾರ ಬೆಳಿಗ್ಗೆ ದಕ್ಕೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೂವರ ಟ್ರಂಕುಗಳು ಆಗಲೇ ದೋಣಿಯೊಳಗಿದ್ದವು, ಜಡೆಯಕ್ಕನದ್ದೂ. ಪೋಸ್ಟ್ ಮಾಸ್ಟರು ಅಂಚೆಚೀಲದ ಜೊತೆ ಮುಂದಿನ ಸಾಲಿನಲ್ಲೇ ನಿಂತಿದ್ದರು. ಅವರು ದೋಣಿಯವನ ಮುಖವನ್ನೇ ನೋಡುತ್ತಿದ್ದರು. ಪಂಪಿನವನು ಮುಂದಾಗಿ ದೋಣಿಯೊಳಗೆ ಕೂತು, ಕತ್ತು ಚಾಚಿದ್ದ.

ಮೊದಲ ಮಗು ದೋಣಿಗೆ ಹೊಸದಾಗಿ ಬಡಿದಿದ್ದ ತಗಡನ್ನು ಓದಿತು: “ಇಪ್ಪತ್ತು ಜನಕ್ಕಿಂತ ಹೆಚ್ಚು ಹತ್ತಬಾರದು.” ಹಲಗೆ ಬಿತ್ತು, ಒಬ್ಬ ದಾಟಿದ. ಹಲಗೆ ಎದ್ದಿತು. ಎರಡನೆಯದು ನನ್ನ ವಾಂತಿಯ ಔಷಧಿಯ ಸೀಸೆಯ ಚೀಟಿಯನ್ನು “ಮಕ್ಕಳ ಕೈಗೆ ಸಿಗದಂತೆ ಇಡಿ” ಎಂಬಲ್ಲಿಯವರೆಗೂ ಓದಿ, ಸೀಸೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿತು. ಹಲಗೆ ಬಿತ್ತು, ಇನ್ನೊಬ್ಬಳು ದಾಟಿದಳು. ಹಲಗೆ ಎದ್ದಿತು.

ದೋಣಿಯವನು ಹಳೆಯ ಪೇಪರಿನ ತುಂಡೊಂದನ್ನು ಗುಬ್ಬಿಯ ಮುಂದೆ ಹಿಡಿದ. “ಓದು ಮಗಾ.”

ಗುಬ್ಬಿ ಸಮುದ್ರ ನೋಡಿದಳು.

“ಒಂದೇ ಸಾಲು.”

ಗುಬ್ಬಿ ತನ್ನ ಕಾಲ ಬೆರಳು ನೋಡಿದಳು. ಯಾರೋ ಕೆಮ್ಮಿದರು. ಹನ್ನೆರಡರೊಳಗೆ ಸಹಿ, ಆಚೆ ದಡಕ್ಕೆ ಎರಡೂವರೆ ಗಂಟೆಯ ಹಾದಿ. ದೋಣಿಯವನು ಮಗಳ ಕಡೆ ನೋಡದೆ ದೋಣಿಗೆ ಹಾರಿದ, ಎಂಜಿನ್ನಿನ ಹಗ್ಗ ಎಳೆದ. ಎಂಜಿನ್ ಹತ್ತಿತು. ನನ್ನ ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಟೀಚರಮ್ಮ ಒಂದು ನೋಟದಲ್ಲಿ ಒಳಕ್ಕೆ ತಳ್ಳಿದರು.

“ಅಪ್ಪಾ, ಒಂದ್ನಿಮಿಷ,” ಎಂದಳು ಜಡೆಯಕ್ಕ. “ನನ್ನ ಟ್ರಂಕು ಕೆಳಗೆ ಕೊಡು.”

ಅವನು ಕೊಟ್ಟ. ಆ ಟ್ರಂಕನ್ನು ಕೊಟ್ಟಾಗ ಅವನ ಮುಖ ಹೇಗಿತ್ತೆಂದು ಬರೆಯಲು ನಾನು ಹಾಸ್ಯ ಬರೆಯುವವಳಾಗಿರಬಾರದಿತ್ತು.

ಅವಳು ಟ್ರಂಕಿನ ಮುಚ್ಚಳ ತೆಗೆದು ಮಡಿಸಿದ ಕಾಗದವೊಂದನ್ನು ಎತ್ತಿಕೊಂಡಳು, ಗುಬ್ಬಿಯ ಎದುರು ಮಂಡಿಯೂರಿದಳು. “ಇದು ನಿನಗೆ ಬರೆದದ್ದು ಗುಬ್ಬೀ. ನಾನು ಹೋದ್ರೂ ನಿನಗೇ, ಉಳಿದ್ರೂ ನಿನಗೇ.” ಕಾಗದ ಕೊಟ್ಟು, ಎದ್ದು, ಟ್ರಂಕು ಹೊತ್ತುಕೊಂಡು ಉಳಿಯುವವರ ಸಾಲಿಗೆ ಹೋಗಿ ನಿಂತಳು.

ಗುಬ್ಬಿ ಕಾಗದ ಬಿಚ್ಚಿದಳು. ತುಟಿ ಬಿಗಿಯಾಗಿಯೇ ಇತ್ತು. ಆದರೆ ಕಣ್ಣು ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ಒಂದು ಸಾಲು ಕೆಳಗಿಳಿಯಿತು. ನೂರಾರು ಜನ ಉಸಿರು ಹಿಡಿದು ಆರು ವರ್ಷದ ಎರಡು ಕಣ್ಣು ನಡೆದಾಡುವುದನ್ನು ನೋಡುತ್ತಿದ್ದರು. ನಾನೂ ನೋಡಿದೆ. ಓದು ಅನ್ನುವುದು ಕಣ್ಣಿಗೆ ಕಾಣುತ್ತದೆ ಎಂದು ಐವತ್ತು ದಾಟಿದ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಮೂರನೇ ಸಾಲಿನಲ್ಲಿ ಗುಬ್ಬಿ ಫಕ್ಕನೆ ದೋಣಿಯವನ ಮುಖ ನೋಡಿದಳು. ಮರುಕ್ಷಣ ಕಾಗದ ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಕೊನೆಗೆ ತಡೆಯಲಾರದೆ, ಕಾಗದದ ಆಚೀಚೆಯಿಂದೆಲ್ಲ ನಗು ಸಿಡಿಯಿತು.

“ಏನಿದೆಯೇ ಅದರಲ್ಲಿ?” ಎಂದು ಪೋಸ್ಟ್ ಮಾಸ್ಟರು ಅಭ್ಯಾಸಬಲದಿಂದ ಕೈಚಾಚಿದರು.

“ಕೊಡಲ್ಲ! ನಂದು!”

“ಓದೋಕೆ ಬರದಿದ್ರೆ,” ಟೀಚರಮ್ಮನ ದನಿ ಬಹಳ ಮೆತ್ತಗಿತ್ತು, “ನಗು ಹೇಗೆ ಬಂತು ಗುಬ್ಬೀ?”

ನಗು ನಿಂತಿತು. ಅವಳಿಗೆ ಅರ್ಥವಾಗಿತ್ತು. ಕಣ್ಣಲ್ಲಿ ನೀರು ತುಂಬಿತು, ಅಕ್ಕನ ಕಡೆ ತಿರುಗಿದಳು. ಅಕ್ಕ ಟ್ರಂಕನ್ನು ಕೆಳಗಿಡದೆ ಅವಳನ್ನೇ ನೋಡುತ್ತಿದ್ದಳು. ಗುಬ್ಬಿ ಮೂಗು ಎಳೆದುಕೊಂಡು, ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ಎಂಜಿನ್ನಿನ ಸದ್ದನ್ನೂ ಮೀರುವ ಹಾಗೆ ಓದಿದಳು:

“ಗುಬ್ಬೀ, ನಿನಗೆ ಓದಲು ಬರುತ್ತದೆ ಅಂತ ನನಗೆ ಗೊತ್ತು. ಯಾರಿಗೂ ಹೇಳುವುದಿಲ್ಲ. ಇದನ್ನು ಓದುವಾಗ ಮುಖ ಗಂಭೀರವಾಗಿ ಇಟ್ಟುಕೋ. ನಮ್ಮಪ್ಪನ ಮೂಗು ಮಾತ್ರ ನೋಡಬೇಡ, ಗ್ರೀಸು ಇರುತ್ತದೆ. ನಕ್ಕರೆ ಟೀಚರಿಗೆ ಗೊತ್ತಾಗುತ್ತದೆ. ನಾನು ಹೋದರೆ ಪ್ರತಿ ಶನಿವಾರ ದೋಣಿಯಲ್ಲಿ ನಿನಗೊಂದು ಕಾಗದ ಬರುತ್ತದೆ. ಓದಲು ಬಾರದವರ ಕಾಗದವನ್ನು ಪೋಸ್ಟ್ ಮಾಸ್ಟರ್ ಮಾಮ ಓದುತ್ತಾರೆ. ನಿನ್ನದನ್ನು ಯಾರು ಓದಬೇಕು ಅಂತ ನೀನೇ ನೋಡಿಕೋ.”

ಎಲ್ಲರೂ ಪೋಸ್ಟ್ ಮಾಸ್ಟರ ಕಡೆ ತಿರುಗಿದರು. ಪೋಸ್ಟ್ ಮಾಸ್ಟರು ಅಂಚೆಚೀಲದ ಗಂಟನ್ನು ಪರೀಕ್ಷಿಸತೊಡಗಿದರು. ದೋಣಿಯವನು ಮೂಗು ಒರೆಸಿಕೊಂಡ, ಕಣ್ಣನ್ನೂ ಒರೆಸಿಕೊಂಡ, ಗ್ರೀಸು ಎಲ್ಲೆಡೆಗೂ ಹರಡಿತು. ಆಮೇಲೆ ಹಲಗೆ ಎತ್ತಿ ದಕ್ಕೆಗೆ ಹಾಕಿದ. ಅಷ್ಟು ಜೋರಾಗಿ ಯಾರಿಗೂ ಹಾಕಿರಲಿಲ್ಲ. ಜಡೆಯಕ್ಕ ತನ್ನ ಕಲ್ಲನ್ನು ಗುಬ್ಬಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ದಾಟಿದಳು. ಟೀಚರಮ್ಮ ಕಲ್ಲಿನ ಮೇಲೆ ಕುಸಿದು ಕೂತರು. ಇಪ್ಪತ್ತೈದು ವರ್ಷದ ಹಿಂದೆ ಕೂತ ಕಲ್ಲೇ ಇರಬೇಕು.

ಇನ್ನು ಹತ್ತಬೇಕಾದವಳು ನಾನೊಬ್ಬಳೇ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ನನಗೆ, ಆ ಮುಕ್ಕಾಲನ್ನು ಹನ್ನೆರಡು ವರ್ಷದ ಹುಡುಗಿಯ ಕೈಲಿ ಮಾಡಿಸಿದ ಮಹಾತಾಯಿ ಎದುರಿಗೇ ಕೂತಿದ್ದರು. ಮಕ್ಕಳಿಗೆ ಮಕ್ಕಳೇ ಗುರುಗಳು, ದೂರ ನಿಂತು ಕಾಯುವ ಸಂಯಮ, ಋಣ ತೀರಿಸಿ ದಾಟುವ ಧರ್ಮ! ಸಮಿತಿಗೆ ಇದನ್ನೆಲ್ಲ ವರದಿ ಮಾಡಲೇಬೇಕೆಂದು ನೋಟ್ ಪುಸ್ತಕ ಬಿಚ್ಚಿ, ಪೆನ್ನು ತೆರೆದು, ಹಲಗೆಯ ಮೇಲೆ ಒಂದು ಕಾಲಿಟ್ಟು ನಿಂತು ಕೇಳಿದೆ:

“ಟೀಚರಮ್ಮಾ, ಒಂದನೇ ಕ್ಲಾಸನ್ನ ಏಳನೇ ಕ್ಲಾಸಿಗೆ ಒಪ್ಪಿಸಬೇಕು ಅನ್ನೋದು ನಿಮಗೆ ಹೇಗೆ ಹೊಳೀತು?”

ಟೀಚರಮ್ಮ ಕನ್ನಡಕದ ದಾರವನ್ನು ಕಿವಿಗೆ ಬಿಗಿದುಕೊಂಡರು.

“ಒಂದನೇ ಕ್ಲಾಸಿನವು ಕಚ್ತವೆ ಮೇಡಂ,” ಎಂದರು. ರವಿಕೆಯ ತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಮೊಣಕೈಯ ಕೆಳಗಿನ ಹಳೆಯ ಗುರುತು ತೋರಿಸಿ, ಗದ್ದದಿಂದ ದೋಣಿಯವನ ಕಡೆ ಸನ್ನೆ ಮಾಡಿದರು. “ನಾನು ಕೆಲಸಕ್ಕೆ ಬಂದ ಮೊದಲನೇ ದಿನವೇ ಇವನು ಕಚ್ಚಿದ. ಅವತ್ತಿಂದ ಆ ಬೆಂಚಿನ ಹತ್ರ ನಾನು ಹೋಗಿಲ್ಲ.”